ಹಣಮಮ್ಮನೂ ಎದ್ದ ಭಾಷಣ

ನಮ್ಮೂರಿನಲ್ಲಿ ಒಂದು ಸಂಗತಿ ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದು ಬಹಳ ಸುಲಭವಾಗಿತ್ತು. ಊರಿಗೆ ಸುದ್ದಿ ಸಾರುವ ಅಂಬ್ರಪ್ಪ ತನ್ನ ಭೋಂಗಾದಲ್ಲಿ ಹೇಳಿದರೆ ಅದು ನಿಜ. ಹೇಳದಿದ್ದರೆ ಇನ್ನೂ ಆಗಿಲ್ಲ. ಒಮ್ಮೆ ದೇಶದ ಪ್ರಧಾನಿ ಬದಲಾದಾಗ ರೇಡಿಯೋ ಹೇಳಿತು, ಶಹಾಪುರದಿಂದ ಬಂದ ಪೇಪರೂ ಹೇಳಿತು. ಆದರೆ ಪಂಚಾಯಿತಿಯಿಂದ ಅಂಬ್ರಪ್ಪನಿಗೆ ಯಾರೂ ಹೇಳಿ ಕಳಿಸದ ಕಾರಣ ನಮ್ಮೂರಿನ ಮಟ್ಟಿಗೆ ಹಳೆಯ ಪ್ರಧಾನಿಯೇ ಬಹಳ ದಿನ ಅಧಿಕಾರದಲ್ಲಿ ಮುಂದುವರಿದರು.

ಅವನ ಸೈಕಲ್ಲಿನ ಹಿಂದುಗಡೆ ಒಂದು ಬ್ಯಾಟರಿ, ಮುಂದುಗಡೆ ಒಂದು ಭೋಂಗಾ, ಕೊರಳಲ್ಲಿ ಮೈಕು. ಸೈಕಲ್ಲು ಅವನದು, ಉಳಿದದ್ದೆಲ್ಲ ಖಾಜಾಮಿಯಾನದು. ಖಾಜಾಮಿಯಾ ಬಸ್ಸು ನಿಲ್ಲುವ ಜಾಗದಲ್ಲಿ ಚಹಾದಂಗಡಿ ಇಟ್ಟಿದ್ದ. ಊರಿನ ಒಂದೇ ಫೋನು ಅಲ್ಲಿತ್ತು, ಮೈಕ್ ಸೆಟ್ಟೂ ಅಲ್ಲೇ ಬಾಡಿಗೆಗೆ ಸಿಗುತ್ತಿತ್ತು. ಸೀಮೆಎಣ್ಣೆ ಬಂದಿದೆ, ಭಾನುವಾರ ಮಕ್ಕಳಿಗೆ ಪೋಲಿಯೋ ಹನಿ ಹಾಕುತ್ತಾರೆ, ಎಡಗೋಡು ಮುರಿದ ಎಮ್ಮೆ ತಪ್ಪಿಸಿಕೊಂಡಿದೆ, ಕಂಡವರು ಕಟ್ಟಿಹಾಕಬೇಕು. ಅಂಬ್ರಪ್ಪ ಇಂಥದನ್ನೆಲ್ಲ ಊರಬಾಗಿಲಾದ ಅಗಸಿಯಲ್ಲಿ ಒಂದು ಸಲ, ಹಣಮಂತ ದೇವರ ಕಟ್ಟೆಯ ಹತ್ತಿರ ಒಂದು ಸಲ ಹೇಳಿ ಮನೆಗೆ ಹೋಗುತ್ತಿದ್ದ. ಇದಕ್ಕೆ ನಮ್ಮೂರಿನವರು ಅಲೌನ್ಸು ಎನ್ನುತ್ತಿದ್ದರು.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಲುವೆಯ ನೀರಿನ ಸುದ್ದಿ. ನಮ್ಮೂರು ಕಾಲುವೆಯ ಕಟ್ಟಕಡೆಯಲ್ಲಿದೆ. ನಮಗಿಂತ ಮೇಲೆ ಇರುವ ಊರಿನವರು ಭತ್ತ ಹಚ್ಚುತ್ತಾರೆ. ಭತ್ತ ಹಚ್ಚಬಾರದೆಂದು ಸರಕಾರದ ಆದೇಶವಿದೆ, ಅದನ್ನು ಅವರು ತಮ್ಮ ಕಾಲುವೆ ಗೇಟಿನ ಹತ್ತಿರದ ಗೋಡೆಯ ಮೇಲೆ ಬರೆಸಲು ಸಂತೋಷದಿಂದ ಜಾಗವನ್ನೂ ಕೊಟ್ಟಿದ್ದಾರೆ. ಅವರ ಭತ್ತ ಕುಡಿದು ಉಳಿಸಿದ್ದು ನಮಗೆ. ಹಾಗೆ ನೀರು ಬಂದ ಹೊತ್ತಿನಲ್ಲಿ ಹೊಲದ ತಲೆಯಲ್ಲಿ ಸಲಿಕೆ ಹಿಡಿದು ನಿಂತು, ಒಡ್ಡು ಕಡಿದು ತಿರುವಿಕೊಂಡವನಿಗೆ ಉಂಟು, ಇಲ್ಲದವನಿಗೆ ಇಲ್ಲ. ಯಾರೂ ತಿರುವಿಕೊಳ್ಳದ ನೀರು ಹಳ್ಳ ಸೇರಿ ಕೃಷ್ಣೆಗೆ ವಾಪಸಾಗುತ್ತದೆ. ಆದ್ದರಿಂದ ಅಂಬ್ರಪ್ಪನ ದನಿ ಏರಿತೆಂದರೆ ನಮ್ಮೂರಿನವರು ಮಾತು ಪೂರ್ತಿ ಕೇಳುತ್ತಿರಲಿಲ್ಲ. ಉಣ್ಣುತ್ತಿದ್ದವರು ಕೈ ತೊಳೆಯದೆ ಸಲಿಕೆ ಹುಡುಕುತ್ತಿದ್ದರು.

ಈ ಘಟನೆ ನಡೆದ ವರ್ಷ ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಸರಿಯಾಗಿ ನೀರಿನ ಸರದಿ ತಪ್ಪಿತು. ಇನ್ನೊಂದು ನೀರು ಸಿಕ್ಕರೆ ಕಾಯಿ, ಸಿಗದಿದ್ದರೆ ದನಕ್ಕೆ ಹೊಟ್ಟು. ನಮ್ಮೂರು ಕಾಲುವೆಗೆ ಕಡೆಯದಾದರೆ, ಅಂಬ್ರಪ್ಪನ ಹೊಲ ನಮ್ಮೂರಿಗೆ ಕಡೆಯದು. ಅವನ ಹೆಂಡತಿ ಹಣಮಮ್ಮ ದಿನಾ ಹೊಲಕ್ಕೆ ಹೋಗಿ ಒಂದು ಶೇಂಗಾ ಗಿಡ ಕಿತ್ತು, ಮಣ್ಣು ಝಾಡಿಸಿ, ಗಂಡನ ಊಟದ ತಾಟಿನ ಪಕ್ಕದಲ್ಲಿಡುತ್ತಿದ್ದಳು. ಬೇರಿನಲ್ಲಿ ಜೋತಾಡುತ್ತಿದ್ದ ಎಳೆಯ ಕಾಯಿಗಳನ್ನು ನೋಡುತ್ತಾ ಅವನು ರೊಟ್ಟಿ ತಿನ್ನಬೇಕಾಗಿತ್ತು.

ಇಂಥ ದಿನಗಳಲ್ಲಿ ಶಹಾಪುರದ ಒಂದು ಕಲ್ಯಾಣಮಂಟಪದಲ್ಲಿ ಕಾರ್ಯಕ್ರಮವೊಂದು ಏರ್ಪಾಡಾಗಿ, ಅದಕ್ಕೆ ಖಾಜಾಮಿಯಾನ ಮೈಕ್ ಸೆಟ್ಟು ಹೋಯಿತು. ಮೈಕಿನ ಜೊತೆ ಅಂಬ್ರಪ್ಪ ಹೋದ. ವೇದಿಕೆಯ ಹಿಂದಿನ ಬಟ್ಟೆಯ ಮೇಲೆ ‘ಜಗತ್ತಿನ ಪ್ರಸಿದ್ಧ ಭಾಷಣಗಳು ಇಂದಿಗೂ ನಮ್ಮನ್ನು ಏಕೆ ಹುರಿದುಂಬಿಸುತ್ತವೆ?’ ಎಂದು ಬರೆದಿತ್ತು. ಹುಬ್ಬಳ್ಳಿ ಕಡೆಯಿಂದ ಬಂದಿದ್ದ ಉಪನ್ಯಾಸಕರೊಬ್ಬರು ಶಹಾಪುರದ ಬಿಸಿಲಿನಲ್ಲಿ ಕೋಟು ಹಾಕಿಕೊಂಡು ನಿಂತಿದ್ದರು. ಊರು ಹೊತ್ತಿ ಉರಿಯುತ್ತಿದ್ದಾಗ ಚುಟ್ಟಾ ಸೇದುತ್ತಾ ಭಾಷಣ ಮಾಡಿ ಜನರಿಗೆ ಧೈರ್ಯ ತುಂಬಿದ ಒಬ್ಬ ದಪ್ಪ ಪ್ರಧಾನಿ, ತನ್ನ ಜನರಿಗೆ ಮುಂದಿನ ಕಾಲವನ್ನು ಕಣ್ಣಿಗೆ ಕಟ್ಟುವಂತೆ ಹೇಳಿ ಲಕ್ಷಾಂತರ ಮಂದಿಯನ್ನು ಅಳಿಸಿದ ಒಬ್ಬ ಕಪ್ಪು ಪಾದ್ರಿ, ಸೋತು ನಿಂತ ಸೈನ್ಯವನ್ನು ಒಂದೇ ಮಾತಿನಿಂದ ತಿರುಗಿಸಿದ ಒಬ್ಬ ರಾಜ. ಒಬ್ಬೊಬ್ಬರ ಕಥೆ ಮುಗಿದಾಗಲೂ ಸಭೆ ಚಪ್ಪಾಳೆ ತಟ್ಟಿತು. ಕಡೆಗೆ ಉಪನ್ಯಾಸಕರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಕಾರಿನಲ್ಲಿ ಕೂರಿಸಿದರು.

ಪರದೆಯ ಹಿಂದೆ ಆಂಪ್ಲಿಫೈಯರಿನ ಮುಂದೆ ಕೂತಿದ್ದ ಅಂಬ್ರಪ್ಪ ಎರಡು ವಿಷಯ ಗಮನಿಸಿದ. ಒಂದು, ಇಷ್ಟು ವರ್ಷ ಮೈಕಿನಲ್ಲಿ ಮಾತಾಡಿದ ತನಗೆ ಯಾರೂ ಒಂದು ಟವೆಲ್ ಕೂಡ ಹೊದಿಸಿಲ್ಲ. ಇನ್ನೊಂದು, ಆ ಮನುಷ್ಯ ಅಷ್ಟು ಹೊತ್ತು ಮಾತಾಡಿದರೂ ಯಾವ ವಸ್ತು ಬಂದಿದೆ, ಎಲ್ಲಿ ಕೊಡುತ್ತಾರೆ, ಯಾವ ದಿನ, ಚೀಲ ತರಬೇಕೋ ಡಬ್ಬಿ ತರಬೇಕೋ ಎಂಬುದನ್ನು ಹೇಳಲೇ ಇಲ್ಲ. ಇಷ್ಟು ದಿನ ತಾನು ಮಾಡುತ್ತಿದ್ದ ತಪ್ಪು ಯಾವುದೆಂದು ಅವನಿಗೆ ಹೊಳೆಯಿತು.

ಸುರಪುರದ ಬಸ್ ಸ್ಟ್ಯಾಂಡಿನಲ್ಲಿ, ರಟ್ಟಿನ ಮೇಲೆ ಕೈ ಎತ್ತಿದ ಮನುಷ್ಯನ ಚಿತ್ರವಿದ್ದ ಭಾಷಣಗಳ ಪುಸ್ತಕವೊಂದನ್ನು ಕೊಂಡು ತಂದ. ಮೊದಲ ಸಭಿಕಳು ಹಣಮಮ್ಮ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

“ಊರಿಗಿ ಊರ ಸುಡಾಕತ್ತಿತ್ತು,” ಎಂದು ಅಂಬ್ರಪ್ಪ ವಿವರಿಸಿದ. “ಅವ ಎದ್ದು ನಿಂತು ಮಾತಾಡ್ದ. ಜನಕ್ಕ ಎಲ್ಲಿಲ್ಲದ ಹುಮ್ಮಸ್ ಬಂತು.”

“ಬೆಂಕಿ ಆರ್ತೇನು?”

“ಅದು ಬೆಂಕಿ ವಿಷಯ ಅಲ್ಲ.”

“ಊರು ಸುಡೂವಾಗ ಮತ್ಯಾವ ವಿಷಯ ಇರ್ತದ?”

ಅಂಬ್ರಪ್ಪ ಪುಟ ತಿರುವಿ ರಾಜನ ಕಥೆಗೆ ಹೋದ. ಆ ಸೈನ್ಯಕ್ಕೆ ಊಟ ಯಾರು ಮಾಡಿ ಹಾಕುತ್ತಿದ್ದರು ಎಂದು ಹಣಮಮ್ಮ ಕೇಳಿದಳು. ಪುಸ್ತಕದಲ್ಲಿ ಅದಿರಲಿಲ್ಲ. ಅವಳು ಶೇಂಗಾ ಗಿಡವನ್ನು ತಾಟಿನ ಪಕ್ಕಕ್ಕಿಟ್ಟು ಎದ್ದು ಹೋದಳು.

ಎರಡನೆಯ ಸಭಿಕ ಖಾಜಾಮಿಯಾ. ಅವನು ಪುಸ್ತಕವನ್ನು ಗೌರವದಿಂದ ತಿರುವಿ ಹಾಕಿ, ಇವು ಇಂದಿಗೂ ನಡೆಯುತ್ತಿರುವುದರ ಗುಟ್ಟು ತನಗೆ ಗೊತ್ತು ಎಂದ. “ಕೇಳಿದವ್ರು ಎಲ್ಲಾರೂ ಸತ್ತಾರಲೇ ಅಂಬ್ರು. ತಕರಾರು ಮಾಡಾಕ ಯಾರೂ ಉಳಿದಿಲ್ಲ. ನಿನ್ನ ಅಲೌನ್ಸು ಕೇಳಿದವ್ರು ಮರುದಿನ ಡಬ್ಬಿ ಹಿಡಕೊಂಡು ನನ್ನ ಅಂಗಡಿ ಮುಂದ ನಿಂದಿರ್ತಾರ, ಎಣ್ಣಿ ಸಿಗಲಿಲ್ಲಂತ.”

ಈ ವಿಷಯದ ಮೇಲೆ ನಾನು ಓದಿದ ಯಾವ ಲೇಖನದಲ್ಲೂ ಇದಕ್ಕಿಂತ ಸರಳವಾದ ಉತ್ತರ ಸಿಕ್ಕಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಅಂಬ್ರಪ್ಪ ಅಗಸಿಯಲ್ಲಿ ಸೈಕಲ್ ನಿಲ್ಲಿಸಿ ಪೋಲಿಯೋ ಹನಿಯ ಸುದ್ದಿ ಹೇಳಿದ. ಸಾಮಾನ್ಯವಾಗಿ ಅಲ್ಲಿಗೆ ಮುಗಿಯಬೇಕು. ಅವತ್ತು ಅವನು ಮೈಕು ಕೆಳಗಿಳಿಸಲಿಲ್ಲ. ಗಂಟಲು ಸರಿಮಾಡಿಕೊಂಡು, ಎಡಗೈ ಮೇಲೆತ್ತಿ, ಪುಸ್ತಕದಿಂದ ನಾಲ್ಕೈದು ದಿನ ಬಸಿದಿಟ್ಟುಕೊಂಡ ಸಾರವನ್ನು ನಮ್ಮ ಮಾತಿನಲ್ಲಿ ಹೇಳತೊಡಗಿದ.

“ಏಳ್ರಿ. ಮಲಗಿದ್ದು ಸಾಕು. ನಿಮ್ಮ ದಿನ ಬಂದದ. ನಾಳಿಗಿ ಅನ್ನಬ್ಯಾಡ್ರಿ. ಅವ ಬರ್ಲಿ, ಇವ ಬರ್ಲಿ ಅಂತ ಹಾದಿ ಕಾಯಬ್ಯಾಡ್ರಿ. ಕೈಯಾಗ ಏನ್ ಅದನೋ ಅದನ್ನ ತಗೊಂಡು ಮುಂದ ನಡೀರಿ. ತಡಾ ಮಾಡಿದವ್ರನ್ನ ಇತಿಹಾಸ ಕ್ಷಮಿಸಂಗಿಲ್ಲ.”

ಇತಿಹಾಸ ಯಾರೆಂದು ಯಾರೂ ಕೇಳಲಿಲ್ಲ. ಕಾಲುವೆ ಇಲಾಖೆಯ ಕ್ಯಾಂಪಿಗೆ ಹೊಸದಾಗಿ ವರ್ಗವಾಗಿ ಬಂದ ಇಂಜಿನಿಯರ್ ಇರಬೇಕೆಂದು ಕೆಲವರು ತಿಳಿದರು. ಬಂದದ್ದು ಏನೆಂದೂ ಯಾರೂ ಕೇಳಲಿಲ್ಲ. ಊರೆಲ್ಲ ಕಾಯುತ್ತಿದ್ದದ್ದು ಒಂದೇ ವಸ್ತುವಿಗೆ.

ಅಂಬ್ರಪ್ಪ ರಟ್ಟಿನ ಚಿತ್ರದಲ್ಲಿದ್ದಂತೆ ಕಣ್ಣು ಮುಚ್ಚಿ, ಚಪ್ಪಾಳೆಗಾಗಿ ಕಾದ. ಕಣ್ಣು ತೆರೆದಾಗ ಅಗಸಿ ಖಾಲಿಯಾಗಿತ್ತು. ಮೊಣಕಾಲು ನೋವಿನ ದುರಗಮ್ಮ ಮುದುಕಿ ಮಾತ್ರ ಗೋಡೆ ಹಿಡಿದುಕೊಂಡು ಬರುತ್ತಿದ್ದಳು.

“ನನಗೊಂದು ಸಲಿಕಿ ಕೊಟ್ಟು ಹೋಗೋ ತಮ್ಮಾ. ಎಲ್ಲಾರೂ ಓಡಿದ್ರು.”

“ಎಲ್ಲಿಗಿ ಓಡಿದ್ರು ಆಯಿ?”

“ನೀನ ಓಡಿಸಿ, ನನ್ನ ಕೇಳ್ತೀ?”

ಕಾಲುವೆ ಒಣಗಿತ್ತು. ಅದರ ತಳದಲ್ಲಿ ಒಂದು ಹರಿದ ಚಪ್ಪಲಿ, ಹಲ್ಲಿ. ನಮ್ಮೂರಿನವರು ದಂಡೆಯ ಮೇಲೆ ನಿಂತು ಯೋಚಿಸಿದರು. ಅಂಬ್ರಪ್ಪ ಹೇಳಿದ್ದಾನೆ, ಆದ್ದರಿಂದ ನೀರು ಬಿಟ್ಟಿದ್ದಾರೆ. ಕಾಲುವೆಯಲ್ಲಿ ನೀರಿಲ್ಲ, ಆದ್ದರಿಂದ ನಡುವೆ ಯಾರೋ ಕದ್ದಿದ್ದಾರೆ. ನಡುವೆ ಇರುವುದು ಮೇಲಿನೂರು ಒಂದೇ. ಇಷ್ಟು ಶುದ್ಧವಾದ ತರ್ಕ ನಮ್ಮ ಕಡೆ ಬಹಳ ದಿನಗಳಿಂದ ನಡೆದಿರಲಿಲ್ಲ. ಊರಿಗೆ ಊರೇ ಸಲಿಕೆ ಹೆಗಲಿಗೇರಿಸಿ ದಂಡೆ ಹಿಡಿದು ಮೇಲಿನೂರಿನ ಗೇಟಿನ ಕಡೆ ನಡೆಯಿತು. ಹೊಲದಲ್ಲಿದ್ದ ಹಣಮಮ್ಮನನ್ನೂ ಕರೆದರು. ನೀರು ಬಂದಿದೆ ಎಂದು ಹೇಳಿದವರು ಯಾರು ಎಂದು ಅವಳು ಕೇಳಿದಳು. ನಿನ್ನ ಗಂಡ ಎಂದರು. ಹಾಗಿದ್ದರೆ ನೀವು ಹೋಗಿ ಬನ್ನಿ ಎಂದು ಕಳೆ ಕೀಳಲು ಕೂತಳು.

ಅಂಬ್ರಪ್ಪ ಎಲ್ಲರನ್ನೂ ಹಿಂದಕ್ಕೆ ಕರೆಯಲು ಸೈಕಲ್ ತುಳಿದ. ಸುದ್ದಿ ಹೇಳುವುದಕ್ಕೆಂದು ತುಂಬಿಸಿದ್ದ ಬ್ಯಾಟರಿ ಭಾಷಣಕ್ಕೆ ಸಾಲದೆ ಖಾಲಿಯಾಗಿತ್ತು. ಅವನು ಕೂಗಿದ್ದು ಹಿಂದಿನ ಸಾಲಿಗೂ ಕೇಳಲಿಲ್ಲ. ಮೇಲಿನೂರಿನವರಿಗೆ ಕಂಡದ್ದು ಮಾತ್ರ ಬೇರೆ. ಸಲಿಕೆ ಹಿಡಿದ ಗಂಡಸರು, ಹೆಂಗಸರು, ಅವರ ಹಿಂದೆ ಭೋಂಗಾ ಕಟ್ಟಿದ ಸೈಕಲ್ಲಿನ ಮೇಲೆ, ಒಂದೂ ಘೋಷಣೆ ಕೂಗದೆ ಬೆವರುತ್ತಾ ಬರುತ್ತಿರುವ ಒಬ್ಬ ಮುಖಂಡ. ಅವರು ತಕ್ಷಣ ಕ್ಯಾಂಪಿಗೆ ಫೋನು ಮಾಡಿದರು.

ಇಂಜಿನಿಯರ್ ಮನ್ಸೂರಅಲಿ ಸಾಹೇಬರು ಜೀಪಿನಲ್ಲಿ ಇಬ್ಬರು ಪೊಲೀಸರನ್ನು ಕೂರಿಸಿಕೊಂಡು ಬಂದರು. ಮೆಲುದನಿಯ ಮನುಷ್ಯ. ಇಲ್ಲಿ ಯಾರು ಹಿರಿಯರು ಎಂದು ಕೇಳಿದರು. ಎಲ್ಲರೂ ಅಂಬ್ರಪ್ಪನ ಕಡೆ ಕೈ ಮಾಡಿದರು.

“ನಿಮ್ಮ ಬೇಡಿಕಿ ಏನ್ರಿ ಯಜಮಾನ್ರ?”

“ನಂದೇನೂ ಇಲ್ರಿ ಸಾಹೇಬ್ರ. ಇವ್ರೆಲ್ಲಾ ಮನಿಗಿ ಹೋದ್ರ ಸಾಕ್ರಿ.”

“ಹೋಗಲಿಲ್ಲಂದ್ರ?”

“ಅದು ನನ್ನ ಕೈಯಾಗ ಇಲ್ರಿ. ನಾ ಒಂದು ಮಾತ್ ಆಡೀನಿ, ಅದರ ಮ್ಯಾಲ ಬಂದಾರ. ಇನ್ನೊಂದು ಮಾತ್ ಆಡಾಕ ನನಗ ಹೆದರಿಕಿ ಆಗ್ತದ.”

ಸಾಹೇಬರು ತಮ್ಮ ನೌಕರಿಯಲ್ಲಿ ಕೂಗಾಡುವ ಮುಖಂಡರನ್ನು ಸಾಕಷ್ಟು ನೋಡಿದ್ದರು. ಅಂಥವರನ್ನು ಜೀಪಿನಲ್ಲಿ ಮುಂದಿನ ಸೀಟಿಗೆ ಕೂರಿಸಿ ಚಹಾ ಕುಡಿಸಿದರೆ ಮುಗಿಯಿತು. ಇಷ್ಟು ವಿನಯದಿಂದ, ಕಣ್ಣಲ್ಲಿ ನೀರು ತಂದುಕೊಂಡು ಬೆದರಿಕೆ ಹಾಕುವವನನ್ನು ಅವರು ಇದೇ ಮೊದಲು ಕಂಡದ್ದು. ಪೊಲೀಸರೂ ಒಂದು ಹೆಜ್ಜೆ ಹಿಂದೆ ಸರಿದರು.

ಕಡೆಗೆ ಸಾಹೇಬರು ಮಾತು ಕೊಟ್ಟರು. ಈ ಸರದಿಯೊಳಗೆ ಒಂದು ದಿನ ಮೇಲಿನೂರಿಗೆ ನೀರು ಹೋಗುವ ಗೇಟು ಇಳಿಸಿ, ನೀರನ್ನೆಲ್ಲ ಕೆಳಗಿನ ಊರಿಗೆ ಬಿಡಿಸುತ್ತೇನೆ. ಯಾವ ದಿನ ಎಂದು ಈಗ ಹೇಳಲಾಗದು, ಮೇಲಿನಿಂದ ನೀರಿನ ಮಟ್ಟ ಏರಿದ ದಿನ. ಅವತ್ತು ಬೆಳಿಗ್ಗೆ ಫೋನು ಬರುತ್ತದೆ. ಸೂರ್ಯ ಮುಳುಗಿದ ಕೂಡಲೇ ಬಂದ್. ಒಂದೇ ಒಂದು ದಿನ, ಮತ್ತೆ ಕೇಳಬಾರದು. ಊರಿಗೆ ತಿಳಿಸುವ ಜವಾಬ್ದಾರಿ ಈ ಹಿರಿಯರದು.

ಹೀಗೆ ನಮ್ಮೂರಿನ ಶೇಂಗಾವೆಲ್ಲ ಅಂಬ್ರಪ್ಪನ ಬಾಯಿಗೆ ಬಂದು ನಿಂತಿತು.

ಎರಡು ದಿನ ಕಳೆದು ಪೇಪರಿನಲ್ಲಿ ‘ಭಾಷಣಕ್ಕೆ ಮಣಿದ ಕಾಲುವೆ’ ಎಂದು ಸುದ್ದಿ ಬಂತು. ಇದನ್ನು ಓದಿ ಹೇಳಿದವರು ಪಂಚಾಯಿತಿ ಚೇರ್ಮನ್ ಸಾಬಣ್ಣ. ಊರಿನವರಿಗೆ ಮೊದಲು ಸಮಾಧಾನವಾಗಲಿಲ್ಲ. ಹಾಗಾದರೆ ಅಂಬ್ರಪ್ಪ ಅವತ್ತು ಹೇಳಿದ್ದು ಅಲೌನ್ಸು ಅಲ್ಲವೇ, ನೀರು ಬಿಟ್ಟೇ ಇರಲಿಲ್ಲವೇ, ಮತ್ತೆ ನಾವು ಬಿಸಿಲಲ್ಲಿ ನಡೆದದ್ದು ಯಾತಕ್ಕೆ ಎಂದು ಕೆಲವರು ಜಗಳಕ್ಕೆ ನಿಂತರು. ಸಾಬಣ್ಣ ಅವರನ್ನು ಕಟ್ಟೆಯ ಮೇಲೆ ಕೂರಿಸಿ ತಿಳಿಹೇಳಿದರು.

“ಅದು ಭಾಷಣ ಅಂತ. ದೇಶ ವಿದೇಶದಾಗ ನಡೀತದ. ಭಾಷಣ ಅಂದ್ರ ಕುಂತು ಕೇಳೂದು. ಎದ್ದು ಓಡೂದಲ್ಲ. ನಮ್ಮ ಮಂದಿಗಿ ರೂಢಿ ಇಲ್ಲ, ಅದಕ್ಕ ಹಂಗಾತು.”

ಊರಿಗೆ ಒಂದು ದೊಡ್ಡ ಭಾರ ಇಳಿದಂತಾಯಿತು. ಅಂಬ್ರಪ್ಪ ಮಾತಾಡಿದಾಗಲೆಲ್ಲ ಎದ್ದು ಓಡಿ ಓಡಿ ಅವರಿಗೂ ಸಾಕಾಗಿತ್ತು. ಕುಂತು ಕೇಳುವಂಥದೂ ಒಂದಿದೆ ಎಂದು ಯಾರೂ ಇಷ್ಟು ದಿನ ಹೇಳಿರಲಿಲ್ಲ. ಚಪ್ಪಾಳೆ ಯಾವಾಗ ತಟ್ಟಬೇಕೆಂಬ ಅನುಮಾನವನ್ನು ಶಾಲೆಯ ಹೆಡ್‌ಮಾಸ್ತರರು ಪರಿಹರಿಸಿದರು. ದನಿ ಏರಿ ನಿಂತಲ್ಲಿ ತಟ್ಟಬೇಕು. ಒಂದೇ ಮಾತನ್ನು ಮತ್ತೆ ಹೇಳಿದರೆ ಇನ್ನೂ ಜೋರಾಗಿ ತಟ್ಟಬೇಕು, ಅದು ದೊಡ್ಡ ವಾಗ್ಮಿಗಳ ಲಕ್ಷಣ. ಭಾಷಣಕಾರ ಸುಮ್ಮನಾದರೆ ಎದ್ದು ನಿಂತು ತಟ್ಟಿ ಮತ್ತೆ ಕೂರಬೇಕು.

ಮುಂದಿನ ಹದಿನೈದು ದಿನಗಳಲ್ಲಿ ಅಂಬ್ರಪ್ಪನಿಗೆ ಶಾಲಿನ ಕೊರತೆಯಾಗಲಿಲ್ಲ. ಸುರಪುರದ ಒಂದು ಶಾಲೆಯವರು ಹತ್ತನೇ ಇಯತ್ತೆಯ ಮಕ್ಕಳಿಗೆ ಧೈರ್ಯ ತುಂಬಲು ಕರೆದರು. ಕೊಂಕಲ್‌ನಲ್ಲಿ ಒಂದು ಮದುವೆಯಲ್ಲಿ ಅಕ್ಷತೆಗೆ ಮುಂಚೆ ಮಾತಾಡಿಸಿದರು. ತಡ ಮಾಡಿದವರನ್ನು ಇತಿಹಾಸ ಕ್ಷಮಿಸುವುದಿಲ್ಲ ಎಂದು ಅವನು ಹೇಳಿದಾಗ ಮದುಮಗನ ತಂದೆ ಪುರೋಹಿತರ ಕಡೆ ತಿರುಗಿ ನೋಡಿದರಂತೆ. ತಿಂಥಣಿ ಕಡೆಯ ಒಂದು ಸಾವಿನ ಮನೆಯಲ್ಲಿ, ಶಾಲು ಹೊದ್ದು ಬಂದವನು ಎರಡು ಮಾತಾಡಲಿ ಎಂದು ಯಾರೋ ಅಂದರು. ಅಂಬ್ರಪ್ಪನಿಗೆ ಬರುತ್ತಿದ್ದದ್ದು ಒಂದೇ ಭಾಷಣ. “ಏಳ್ರಿ, ಮಲಗಿದ್ದು ಸಾಕು” ಎಂದು ಶುರುಮಾಡಿದ. ಸ್ವಲ್ಪ ಹೊತ್ತು ಎಲ್ಲರೂ ಹೆಣದ ಕಡೆ ನೋಡಿದರು.

ಊರಿನ ಸುದ್ದಿಗಳ ಗತಿಯೂ ಬದಲಾಯಿತು. ಸೀಮೆಎಣ್ಣೆ ಬಂದದ್ದನ್ನು ಅಂಬ್ರಪ್ಪ ಕತ್ತಲೆ ಮತ್ತು ಬೆಳಕಿನ ಮಾತಾಗಿ ಹೇಳಿದ. ಜನ ಚಪ್ಪಾಳೆ ತಟ್ಟಿ ಮನೆಗೆ ಹೋದರು. ಎಣ್ಣೆಯೆಲ್ಲ ರೇಷನ್ ಅಂಗಡಿಯವನಲ್ಲೇ ಉಳಿಯಿತು, ಅವನು ಅಂಬ್ರಪ್ಪನಿಗೆ ಸ್ವಂತ ಖರ್ಚಿನಲ್ಲಿ ಒಂದು ಶಾಲು ತಂದ. ದುರಗಮ್ಮನ ಎಮ್ಮೆ ತಪ್ಪಿಸಿಕೊಂಡಾಗ ಅಂಬ್ರಪ್ಪ ಸ್ವಾತಂತ್ರ್ಯದ ಬಗ್ಗೆ ಮಾತಾಡಿದ. ಮುದುಕಿ ಪೂರ್ತಿ ಕೇಳಿ, ಮಾತು ಬಹಳ ಚಂದವಾಯಿತೆಂದು ಹೇಳಿ, ಎಮ್ಮೆ ಎಲ್ಲಿ ಎಂದಳು.

ಹಣಮಮ್ಮ ಶೇಂಗಾ ಗಿಡ ತಂದಿಡುವುದನ್ನು ಬಿಟ್ಟಿರಲಿಲ್ಲ. ಎಲೆಗಳು ಈಗ ಹಳದಿಗೆ ತಿರುಗಿದ್ದವು. ಒಂದು ದಿನ ಮಾತ್ರ ಬಾಯಿ ಬಿಟ್ಟಳು.

“ನೀರ್ ಬಂದ ದಿನ ನೀರ್ ಬಂತು ಅನ್ನು. ಅಷ್ಟ ಅನ್ನು.”

“ಅಷ್ಟ ಅಂದ್ರ ಮಂದಿಗಿ ಹಿಡಸಂಗಿಲ್ಲ ಈಗ,” ಎಂದ ಅಂಬ್ರಪ್ಪ. ಅದು ನಿಜವೂ ಆಗಿತ್ತು.

ಫೋನು ಬಂದದ್ದು ಒಂದು ಗುರುವಾರ ಬೆಳಿಗ್ಗೆ. ಖಾಜಾಮಿಯಾ ಚಹಾದ ಸೋಸುಬಟ್ಟೆಯನ್ನು ಕೈಯಲ್ಲೇ ಹಿಡಿದು ಓಡಿ ಬಂದ.

“ಗೇಟ್ ಇಳಿಸ್ಯಾರಂತ ಅಂಬ್ರು. ಇನ್ನೊಂದು ತಾಸಿಗಿ ನಮ್ಮೂರ ಮುಟ್ತದ. ಬ್ಯಾಟರಿ ಫುಲ್ ಅದ. ಖುದಾಕೇ ವಾಸ್ತೇ ಭಾಷಣ ಮಾಡಬ್ಯಾಡ, ಅಲೌನ್ಸು ಮಾಡು.”

ಅಂಬ್ರಪ್ಪನಿಗೆ ತನ್ನ ಹೊಲ ಕಣ್ಣಿಗೆ ಕಟ್ಟಿತು. ಶಾಲು ತೆಗೆದು ಎಸೆದು, ಹಣಮಂತ ದೇವರ ಕಟ್ಟೆಯ ಹತ್ತಿರ ಸೈಕಲ್ ನಿಲ್ಲಿಸಿದ. ಕೈ ಎತ್ತಲಿಲ್ಲ. ಕಣ್ಣು ಮುಚ್ಚಲಿಲ್ಲ. ಹಳೆಯ ದನಿಯಲ್ಲಿ ಹೇಳಿದ.

“ಕೇಳ್ರಪ್ಪೋ ಕೇಳ್ರಿ. ಕಾಲುವಿಗಿ ನೀರ್ ಬಂದದ. ಸಂಜಿಮಟ ಅಷ್ಟ. ಸಲಿಕಿ ತಗೊಂಡು ಹೊಲಕ್ಕ ನಡೀರಿ.”

ಜನ ಮನೆಗಳಿಂದ ಹೊರಗೆ ಬಂದರು. ಚಾಪೆ ತಂದಿದ್ದರು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ ಕೂತರು. ಸಾಬಣ್ಣನಿಗೆ ಪಂಚಾಯಿತಿಯ ಕುರ್ಚಿ ಬಂತು. ದನಿ ಏರಿ ನಿಂತದ್ದರಿಂದ ಎಲ್ಲರೂ ಚಪ್ಪಾಳೆ ತಟ್ಟಿದರು.

ಅಂಬ್ರಪ್ಪ ಅದೇ ಮಾತನ್ನು ಇನ್ನೊಮ್ಮೆ ಹೇಳಿದ. ಇನ್ನೂ ಜೋರಾಗಿ ತಟ್ಟಿದರು. ಇವತ್ತಿನದು ಗಿಡ್ಡವಾಗಿದ್ದರೂ ನಮ್ಮ ಬದುಕಿಗೆ ಹತ್ತಿರವಾಗಿದೆ, ಹೊರದೇಶದ ಉದಾಹರಣೆ ಬಿಟ್ಟು ಕಾಲುವೆ, ಸಲಿಕೆ ತಂದದ್ದು ಸರಿಯಾಯಿತು ಎಂದು ಹೆಡ್‌ಮಾಸ್ತರರು ಪಕ್ಕದವರಿಗೆ ವಿವರಿಸಿದರು.

“ಇದು ಭಾಷಣ ಅಲ್ರೋ ಯಪ್ಪಾ,” ಎಂದ ಅಂಬ್ರಪ್ಪ. “ಖರೇನ ನೀರು. ನಿಮ್ಮ ಕಾಲ್ ಬೀಳ್ತೀನಿ, ಏಳ್ರಿ.”

“ಭಾಷಣ ಅಲ್ಲ ಅಂತಾನ ನೋಡು,” ಎಂದು ಸಾಬಣ್ಣ ಮೆಲ್ಲಗೆ ಅಂದರು. “ಅಲ್ಲಿ ಅದ ಅವನ ಹೆಚ್ಚುಗಾರಿಕಿ.”

ಅಂಬ್ರಪ್ಪನಿಗೆ ಅಳು ಬಂತು. ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಂಡರು. ದುರಗಮ್ಮ ಬಿಕ್ಕಳಿಸಿ ಅತ್ತು, ಸಾವಿನ ಮನೆಯಲ್ಲೂ ಇಷ್ಟು ಚೆನ್ನಾಗಿ ಆಗಿರಲಿಲ್ಲವಂತೆ ಎಂದಳು. ಅಂಬ್ರಪ್ಪ ಮೈಕು ಕೆಳಗಿಟ್ಟು ಕಟ್ಟೆಯ ಮೇಲೆ ಕುಸಿದು ಕೂತ. ಭಾಷಣಕಾರ ಸುಮ್ಮನಾದ ಕಾರಣ ಊರೆಲ್ಲ ಎದ್ದು ನಿಂತಿತು. ಒಂದು ಕ್ಷಣ ಅವನಿಗೆ ಆಸೆ ಹುಟ್ಟಿತು. ಊರು ನಿಂತಲ್ಲೇ ಚಪ್ಪಾಳೆ ತಟ್ಟಿ, ಕಲಿಸಿದ ಹಾಗೆ ಮತ್ತೆ ಕೂತಿತು.

ಆಗ ಖಾಜಾಮಿಯಾ ಮೈಕು ಎತ್ತಿಕೊಂಡ. ಫೋನು ಬಂದದ್ದು ತನ್ನ ಅಂಗಡಿಗೆ, ಕೇಳಿದ್ದು ತನ್ನ ಕಿವಿ, ಇದು ನಿಜ ಎಂದು ಹೇಳಿದ. ಚಪ್ಪಾಳೆ ಬಿತ್ತು. ಜೀವನದಲ್ಲಿ ಇವತ್ತಿನವರೆಗೆ ಬೈಗುಳವನ್ನಷ್ಟೇ ಕೇಳಿದ್ದ ಖಾಜಾಮಿಯಾ ಒಂದು ಗಳಿಗೆ ಸೋಸುಬಟ್ಟೆಯನ್ನು ನೋಡಿಕೊಂಡ. ಆಮೇಲೆ ಗಂಟಲು ಸರಿಮಾಡಿಕೊಂಡು, ಮನುಷ್ಯನ ಬದುಕೂ ಒಂದು ಚಹಾ ಇದ್ದ ಹಾಗೆ ಎಂದು ಇನ್ನೂ ನಾಲ್ಕು ಮಾತು ಹೇಳಿದ. ಅವನಿಂದ ಮೈಕು ಕಸಿದುಕೊಳ್ಳಲು ಅಂಬ್ರಪ್ಪ ಏಳಬೇಕಾಯಿತು.

ದೂರದಲ್ಲಿ ಕಾಲುವೆಗೆ ನೀರು ಮುಟ್ಟಿತ್ತು. ಊರ ಮೊದಲ ಹೊಲದ ತಲೆಯಲ್ಲಿ ಯಾರೂ ಇರಲಿಲ್ಲ. ನೀರು ಮುಂದೆ ಹೋಯಿತು.

ಹಣಮಮ್ಮ ಮನೆಯಿಂದ ಬಂದಳು. ಹೆಗಲ ಮೇಲೆ ಸಲಿಕೆ, ಕಂಕುಳಲ್ಲಿ ರೊಟ್ಟಿಯ ಗಂಟು. ಸಭೆಯ ಅಂಚು ಬಳಸಿ ಹೋಗುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ಚಾಪೆಗಳನ್ನು ತುಳಿಯುತ್ತಾ ನಡುವೆಯೇ ನಡೆದಳು. ಗಂಡನ ಕಡೆ ನೋಡಲಿಲ್ಲ.

“ಎಲ್ಲಿಗಿ ಹೊಂಟಿ ಹಣಮವ್ವಾ?” ಎಂದು ದುರಗಮ್ಮ ಕೇಳಿದಳು.

“ಹೊಲಕ್ಕ.”

“ಯಾಕ?”

“ನೀರ್ ತಿರುವಾಕ.”

ಗಂಡನ ಭಾಷಣಕ್ಕೆ ಹಣಮಮ್ಮ ಏಳುವವಳಲ್ಲ ಎಂಬುದು ಊರಿಗೆ ಗೊತ್ತಿತ್ತು. ಅವನು ನೀರು ಕೇಳಿದರೂ ಏಳುವವಳಲ್ಲ, ಕೊಡ ಎಲ್ಲಿದೆ ಎಂದು ತೋರಿಸುವವಳು. ಮೊದಲ ದಿನ ಊರೆಲ್ಲ ಓಡಿದಾಗ ಕಳೆ ಕೀಳುತ್ತಾ ಕೂತವಳು ಅವಳೊಬ್ಬಳೇ. ಅಂಥವಳು ಸಲಿಕೆ ಎತ್ತಿದ್ದಾಳೆ.

ಚೇರ್ಮನ್ನರ ಕುರ್ಚಿ ಮೊದಲು ಬಿತ್ತು. ಅದರ ಮೇಲೆ ಹಾಯ್ದು ಹೆಡ್‌ಮಾಸ್ತರರು ಓಡಿದರು. ನೋಡನೋಡುವಷ್ಟರಲ್ಲಿ ಕಟ್ಟೆಯ ಮುಂದೆ ಚಾಪೆಗಳಷ್ಟೇ ಉಳಿದವು.

ಅವತ್ತು ನಮ್ಮೂರಿನ ಒಂದು ಹೊಲವೂ ಒಣಗಿ ಉಳಿಯಲಿಲ್ಲ. ಸಂಜೆಯೊಳಗೆ ಊರು ಈ ಘಟನೆಯ ಅರ್ಥವನ್ನೂ ಗೊತ್ತುಮಾಡಿಕೊಂಡಿತು. ಅಂಬ್ರಪ್ಪ ಮಾಡಿದ ಭಾಷಣಗಳಲ್ಲೆಲ್ಲ ಇದೇ ಶ್ರೇಷ್ಠವಾದದ್ದು, ಏಕೆಂದರೆ ಇದಕ್ಕೆ ಹಣಮಮ್ಮನೂ ಎದ್ದಳು. ಪೇಪರಿನವರಿಗೂ ಸಾಬಣ್ಣ ಹೀಗೆಯೇ ಹೇಳಿದರು, ಅವರು ಹಾಗೆಯೇ ಹಾಕಿದರು. ಇಂದಿಗೂ ನಮ್ಮ ಕಡೆ ಯಾರಾದರೂ ಸೋತು ಕೂತರೆ ಹಿರಿಯರು ಆ ಭಾಷಣವನ್ನು ನೆನಪಿಸುತ್ತಾರೆ. ಕಾಲುವಿಗಿ ನೀರ್ ಬಂದದ, ಸಂಜಿಮಟ ಅಷ್ಟ, ಸಲಿಕಿ ತಗೊಂಡು ನಡೀರಿ. ಕೇಳಿದ ಹುಡುಗರ ಮೈ ಜುಮ್ಮೆನ್ನುತ್ತದೆ. ಸುರಪುರದಲ್ಲಿ ಕೊಂಡ ಆ ಪುಸ್ತಕದ ಭಾಷಣಗಳ ನಡುವೆಯೂ ಯಾರ ಹೆಂಡತಿ ಎಲ್ಲಿ ಸಲಿಕೆ ಎತ್ತಿಕೊಂಡು ಹೋಗಿದ್ದಳೋ, ಪುಸ್ತಕ ಮಾಡಿದವರು ಅದನ್ನು ವಿಚಾರಿಸಿದಂತೆ ಕಾಣುವುದಿಲ್ಲ.

ಅಂಬ್ರಪ್ಪನ ಹೊಲಕ್ಕೆ ನೀರು ಬಂದಾಗ ಸೂರ್ಯ ಹಳ್ಳದಾಚೆಯ ಜಾಲಿ ಗಿಡಗಳಿಗೆ ತಾಗಿದ್ದ. ಎಲ್ಲರೂ ತಿರುವಿಕೊಂಡು ಉಳಿದ ನೀರು, ಆದರೂ ಸಾಲುವಷ್ಟಿತ್ತು. ಹಣಮಮ್ಮ ಒಡ್ಡು ಕಡಿದು ನೀರನ್ನು ಸಾಲಿಗೆ ಬಿಟ್ಟಳು. ಅಂಬ್ರಪ್ಪ ಆ ತುದಿಯಲ್ಲಿ ಕಾವಲು ನಿಂತ. ಇದ್ದಕ್ಕಿದ್ದಂತೆ ಹಳ್ಳದ ಕಡೆಯ ಒಡ್ಡು ಬಿರುಕು ಬಿಟ್ಟು, ಕುಸಿದು, ನೀರೆಲ್ಲ ಅತ್ತ ನುಗ್ಗತೊಡಗಿತು.

ಅಂಬ್ರಪ್ಪ ಏರಿಯ ಮೇಲೆ ಹತ್ತಿ, ಎರಡೂ ಕೈ ಎತ್ತಿ, ಗಂಟಲು ಹರಿಯುವಂತೆ ಕೂಗಿದ.

“ಒಡ್ಡ ಒಡೀತು, ಬರ್ರೋ. ಸಲಿಕಿ ತಗೊಂಡು ಬರ್ರೋ. ಹೊತ್ತ ಮುಳುಗಾಕತ್ತದ.”

ಪಕ್ಕದ ಹೊಲದಲ್ಲಿದ್ದವರು ಸಲಿಕೆ ನೆಲಕ್ಕೂರಿ ಚಪ್ಪಾಳೆ ತಟ್ಟಿದರು. ಅದನ್ನು ಕೇಳಿ ಅದರಾಚೆಯ ಹೊಲದವರು ತಟ್ಟಿದರು. ಚಪ್ಪಾಳೆ ಕಾಲುವೆಯುದ್ದಕ್ಕೂ ಮೇಲಕ್ಕೆ ಹೋಯಿತು. ಅಂಬ್ರಪ್ಪ ಮತ್ತೆ ಕೂಗಿದ, ಚಪ್ಪಾಳೆ ಇನ್ನೂ ಜೋರಾಯಿತು.

ಹಣಮಮ್ಮ ಓಡಿ ಬಂದು, ಸೀರೆ ಎತ್ತಿ ಕಟ್ಟಿಕೊಂಡು, ಒಡ್ಡು ಒಡೆದ ಜಾಗದಲ್ಲಿ ನೀರಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು. ನೀರು ಅವಳ ಕೊರಳಿನವರೆಗೆ ಏರಿ, ಎರಡೂ ಬದಿಯಿಂದ ನುಸುಳುತ್ತಿತ್ತು.

“ಬಾಯಿ ಮುಚ್ಚು,” ಎಂದಳು. “ಮಣ್ಣ ಹಾಕು.”

ಅಂಬ್ರಪ್ಪ ಏರಿಯಿಂದ ಇಳಿದು ಮಣ್ಣು ಹಾಕಿದ. ಅವಳ ಎಡಕ್ಕೆ ಹಾಕಿದ, ಬಲಕ್ಕೆ ಹಾಕಿದ, ತುಳಿದ, ಮತ್ತೆ ಹಾಕಿದ. ಹೊಲಗಳಲ್ಲಿ ಚಪ್ಪಾಳೆ ಇನ್ನೂ ನಡೆದಿತ್ತು. ಅವನು ತಲೆ ಎತ್ತಲಿಲ್ಲ. ನುಸುಳುತ್ತಿದ್ದ ನೀರು ನಿಂತು, ಒಂದು ಗಳಿಗೆ ಅವಳ ಬೆನ್ನ ಹಿಂದೆ ತುಂಬಿಕೊಂಡು, ಶೇಂಗಾದ ಸಾಲಿನ ಕಡೆ ತಿರುಗಿತು.